ತೊಟ್ಟಿ ಮನೆಯ ಕಪ್ಪು ಕಂಬವೂ ಬಿಳಿ ಪಂಚೆಯೂ ಒಂದೇ ನೆಗೆಟಿವ್‌ನಲ್ಲಿ: ಎಕ್ಸ್‌ಪೋಷರ್ ಮತ್ತು ಡೆವಲಪಿಂಗ್ ಕುರಿತು ಚರ್ಚೆ

ಅಡಿಕೆತೋಟ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಚಿತ್ರ ತೆಗೆದು ಮನೆಯಲ್ಲೇ ಡೆವಲಪ್ ಮಾಡಲು ಆರಂಭಿಸಿ ನನಗೆ ಒಂದೂವರೆ ವರ್ಷವಾಯಿತು. ಬಯಲಿನಲ್ಲಿ ತೆಗೆದ ಚಿತ್ರಗಳಲ್ಲಿ ಇದುವರೆಗೆ ಹೇಳಿಕೊಳ್ಳುವಂಥ ತೊಂದರೆ ಬಂದಿರಲಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ತೆಗೆದ ಎರಡು ರೋಲುಗಳೂ ಕೆಟ್ಟಿವೆ, ಅದೂ ಎರಡು ಬೇರೆ ಬೇರೆ ರೀತಿಯಲ್ಲಿ.

ಅದು ಹಳೆಯ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಕೆತ್ತನೆಯ ಮರದ ಕಂಬಗಳಿರುವ ಜಗಲಿ. ಬೆಳಗ್ಗೆ ಎಂಟರ ಸುಮಾರಿಗೆ, ಬಿಸಿಲು ಇನ್ನೂ ಅಂಗಳಕ್ಕೆ ಇಳಿಯದ ಹೊತ್ತಿನಲ್ಲಿ, ಅಜ್ಜಿ ಜಗಲಿಯ ಅಂಚಿನಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂರುತ್ತಾರೆ. ಅವರ ಹಿಂದೆ ಒಳಮೂಲೆಯ ಕಪ್ಪು ಕಂಬವಿದೆ. ಪಕ್ಕದಲ್ಲಿ ಅಂಗಳದ ಹಗ್ಗದ ಮೇಲೆ ಒಗೆದು ಹರವಿದ ಬಿಳಿ ಪಂಚೆಯಿರುತ್ತದೆ. ಕಂಬದ ಕೆತ್ತನೆ, ಅಜ್ಜಿಯ ಮುಖ, ಪಂಚೆಯ ನೆರಿಗೆ, ಈ ಮೂರೂ ಒಂದೇ ಚಿತ್ರದಲ್ಲಿ ಕಾಣಬೇಕೆಂಬುದು ನನ್ನ ಆಸೆ.

ಫಿಲ್ಮ್ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್, 35 ಎಂಎಂ. ಕ್ಯಾಮೆರಾದ ಬೆಳಕಿನ ಮೀಟರ್ ಫಿಲ್ಮ್‌ನ ವೇಗಕ್ಕೆ (ಬೆಳಕಿನ ಸಂವೇದನೆಯ ಅಂಕಿ), ಅಂದರೆ 400ಕ್ಕೆ ಇತ್ತು, ಅದು ಎಫ್/5.6ರಲ್ಲಿ (ಲೆನ್ಸ್‌ನ ಅಪರ್ಚರ್, ಅಂದರೆ ಬೆಳಕಿನ ಕಿಂಡಿಯ ಅಳತೆ) ಶಟರ್ 1/250 ಸೆಕೆಂಡ್ ತೋರಿಸಿತು, ಹಾಗೆಯೇ ತೆಗೆದೆ. ಐಡಿ-11 ಡೆವಲಪರ್ 1+1ರಲ್ಲಿ (ಒಂದು ಪಾಲು ಡೆವಲಪರ್‌ಗೆ ಒಂದು ಪಾಲು ನೀರು), 20 ಡಿಗ್ರಿಯಲ್ಲಿ, ತಯಾರಕರು ಹೇಳಿರುವ 13 ನಿಮಿಷ ಕೊಟ್ಟೆ. ನೆಗೆಟಿವ್ ಒಣಗಿದ ಮೇಲೆ ನೋಡಿದರೆ ಕಂಬವಿರಬೇಕಾದ ಜಾಗ ಬರಿಯ ಗಾಜಿನಂತೆ ಖಾಲಿಯಾಗಿತ್ತು (ನೆಗೆಟಿವ್‌ನಲ್ಲಿ ಕಪ್ಪು ವಸ್ತು ತೆಳುವಾಗಿಯೂ ಬಿಳಿ ವಸ್ತು ದಟ್ಟವಾಗಿಯೂ ಬರುತ್ತದೆ). ಡೆವಲಪಿಂಗ್ ಸಾಲದೆ ಹೋಗಿರಬೇಕೆಂದು ಎಣಿಸಿ, ಎರಡನೆಯ ರೋಲನ್ನು ಅದೇ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಫಿಲ್ಮ್‌ಗೆ ಅಷ್ಟೇ ಬೆಳಕು ಕೊಟ್ಟು, ತೆಗೆದು 17 ನಿಮಿಷ ಡೆವಲಪ್ ಮಾಡಿದೆ. ಕಂಬ ಆಗಲೂ ಬರಲಿಲ್ಲ. ಪಂಚೆ ಮಾತ್ರ ನೆಗೆಟಿವ್‌ನಲ್ಲಿ ಇದ್ದಿಲಿನಷ್ಟು ದಟ್ಟವಾಯಿತು, ಅಜ್ಜಿಯ ಮುಖ ಅರ್ಧ ಬಿಳಿ ಅರ್ಧ ಮಸಿಯಾಯಿತು. ನಾನು ಎಲ್ಲಿ ಎಡವಿದ್ದೇನೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕತ್ತಲೆಕೋಣೆ ಬರೆದದ್ದು:

ಅಡಿಕೆತೋಟ ಅವರೇ, ಎರಡೂ ರೋಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಡೆವಲಪಿಂಗ್ ಸಮಯ ನಾಲ್ಕು ನಿಮಿಷ ಹೆಚ್ಚಿದರೂ ನೆರಳಿನ ಭಾಗ ಕದಲಲಿಲ್ಲ. ಬೆಳಕಿನ ಭಾಗ ಮಾತ್ರ ಎಲ್ಲಿಂದೆಲ್ಲಿಗೋ ಹೋಯಿತು. ನೆರಳಿಗೆ ಎಕ್ಸ್‌ಪೋಷರ್, ಬೆಳಕಿಗೆ ಡೆವಲಪಿಂಗ್ ಎಂದು ಹಿಂದಿನಿಂದಲೂ ಹೇಳಿಕೊಂಡು ಬಂದಿರುವುದು ಇದನ್ನೇ.

ಹೀಗಾಗಲು ಕಾರಣವೇನೆಂಬುದನ್ನು ಅರಿತುಕೊಂಡರೆ ಮುಂದಿನ ಲೆಕ್ಕ ಸುಲಭವಾಗುತ್ತದೆ. ಫಿಲ್ಮ್‌ನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಹರಳುಗಳಿವೆ. ಸಾಕಷ್ಟು ಬೆಳಕು ಬಿದ್ದ ಹರಳು ಮಾತ್ರ ಡೆವಲಪರ್‌ನಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ನೆರಳಿನ ಭಾಗದಲ್ಲಿ ಅಂಥ ಹರಳುಗಳು ಕೆಲವೇ ಇರುವುದರಿಂದ ಅವುಗಳ ಕೆಲಸ ಬೇಗನೆ ಮುಗಿಯುತ್ತದೆ, ಆಮೇಲೆ ಎಷ್ಟು ಹೊತ್ತು ಕಾದರೂ ಅಲ್ಲಿ ಹೆಚ್ಚೇನೂ ಸೇರುವುದಿಲ್ಲ. ಪಂಚೆಯಂಥ ಬೆಳಕಿನ ಭಾಗದಲ್ಲಿ ಹರಳುಗಳು ಹೇರಳವಾಗಿ ಇರುವುದರಿಂದ ಸಮಯ ಕೊಟ್ಟಷ್ಟೂ ಸಾಂದ್ರತೆ ಏರುತ್ತಲೇ ಇರುತ್ತದೆ. ಹಾಗಾಗಿ ಶಟರ್ ಮುಚ್ಚಿದ ಕ್ಷಣದಲ್ಲಿಯೇ ನಿಮ್ಮ ಕಂಬದ ಹಣೆಬರಹ ನಿರ್ಧಾರವಾಗಿತ್ತು. ಪಂಚೆಯದ್ದು ಡೆವಲಪಿಂಗ್ ಟ್ಯಾಂಕ್‌ನೊಳಗೆ ನಿರ್ಧಾರವಾಯಿತು.

ಈ ಸಂಬಂಧವನ್ನು ಮೊದಲು ಅಳೆದು ರೇಖೆಯಾಗಿ ಬರೆದವರು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಫರ್ಡಿನಂಡ್ ಹರ್ಟರ್ ಮತ್ತು ವೆರೊ ಡ್ರಿಫೀಲ್ಡ್. ಅವರ ಪ್ರಬಂಧ 1890ರಲ್ಲಿ ಪ್ರಕಟವಾಯಿತು. ಅದನ್ನು ಛಾಯಾಗ್ರಾಹಕ ಹೊರಾಂಗಣದಲ್ಲಿ ನಿಂತು ಬಳಸಬಲ್ಲ ಪದ್ಧತಿಯಾಗಿ ರೂಪಿಸಿದವರು ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್. 1940ರ ಸುಮಾರಿಗೆ ಲಾಸ್ ಏಂಜಲೀಸಿನ ಆರ್ಟ್ ಸೆಂಟರ್ ಶಾಲೆಯಲ್ಲಿ ಪಾಠ ಹೇಳುವಾಗ ಅವರು ಕಟ್ಟಿದ ಝೋನ್ ಸಿಸ್ಟಂ, ಅಂದರೆ ವಲಯ ಪದ್ಧತಿ, ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು 0ಯಿಂದ 10ರವರೆಗೆ ವಿಂಗಡಿಸುತ್ತದೆ. ಒಂದು ವಲಯಕ್ಕೂ ಮುಂದಿನದಕ್ಕೂ ಒಂದು ಸ್ಟಾಪ್ ಅಂತರ, ಅಂದರೆ ಬೆಳಕು ಇಮ್ಮಡಿ. ಮೀಟರ್ ಯಾವುದನ್ನು ಅಳೆದರೂ ಅದನ್ನು 5ನೇ ವಲಯದ ನಡುಬೂದು ಎಂದು ತಿಳಿಯುತ್ತದೆ. ನೆರಳಿನಲ್ಲಿ ವಸ್ತುವಿನ ಮೈ ಸ್ಪಷ್ಟವಾಗಿ ಕಾಣಬೇಕಾದರೆ ಅದು 3ನೇ ವಲಯದಲ್ಲಿರಬೇಕು. ಬಿಳಿ ಬಟ್ಟೆಯ ನೇಯ್ಗೆ ಉಳಿಯಬೇಕಾದರೆ ಅದು 7ರಿಂದ 8ರೊಳಗೆ ನಿಲ್ಲಬೇಕು.

ಎಲ್ಲಿಂದಾದರೂ ಒಂದು ಸ್ಪಾಟ್ ಮೀಟರ್ (ದೃಶ್ಯದ ಚಿಕ್ಕ ಭಾಗವೊಂದನ್ನೇ ಅಳೆಯುವ ಮೀಟರ್) ಹೊಂದಿಸಿಕೊಂಡು, ಅದೇ ಹೊತ್ತಿನಲ್ಲಿ, ಕಂಬ, ಮುಖ, ಪಂಚೆ ಮೂರನ್ನೂ ಬೇರೆ ಬೇರೆಯಾಗಿ ಅಳೆದು ಇಲ್ಲಿ ಬರೆಯಿರಿ.

ಅಡಿಕೆತೋಟ ಬರೆದದ್ದು:

ಸ್ನೇಹಿತರೊಬ್ಬರ ಸ್ಪಾಟ್ ಮೀಟರ್ ತಂದು ಇಂದು ಬೆಳಗ್ಗೆ ಅಳೆದೆ. ಮೀಟರನ್ನು 400ಕ್ಕೆ ಇಟ್ಟಾಗ ಬಂದ ಇ.ವಿ. ಸಂಖ್ಯೆಗಳು (ಒಂದು ಏರಿದರೆ ಒಂದು ಸ್ಟಾಪ್ ಹೆಚ್ಚು ಬೆಳಕು) ಹೀಗಿವೆ: ಕಂಬದ ಕೆತ್ತನೆ 9, ಅಜ್ಜಿಯ ಒಳಬದಿಯ ಕೆನ್ನೆ 10, ಅಂಗಳದ ಕಡೆಯ ಕೆನ್ನೆ 12, ಪಂಚೆ 16. ಕ್ಯಾಮೆರಾದ ಮೀಟರ್ ಎಂದಿನಂತೆ 13ಕ್ಕೆ ಸಮನಾದ ಎಕ್ಸ್‌ಪೋಷರನ್ನೇ (ಎಫ್/5.6ರಲ್ಲಿ 1/250) ಹೇಳುತ್ತಿದೆ.

ಕತ್ತಲೆಕೋಣೆ ಬರೆದದ್ದು:

ಬಹಳ ಉಪಯುಕ್ತವಾದ ಅಳತೆ. ಕ್ಯಾಮೆರಾ 13ನ್ನು 5ನೇ ವಲಯವೆಂದು ಹಿಡಿದಾಗ, ಅದಕ್ಕಿಂತ ನಾಲ್ಕು ಸ್ಟಾಪ್ ಕೆಳಗಿರುವ ಕಂಬ 1ನೇ ವಲಯಕ್ಕೆ ಬಿದ್ದಿದೆ. ಅಲ್ಲಿ ಕಪ್ಪಿಗಿಂತ ಒಂದು ಎಳೆಯಷ್ಟು ಹೆಚ್ಚಿನ ಛಾಯೆ ಇರುತ್ತದೆಯೇ ಹೊರತು ಕೆತ್ತನೆ ಇರುವುದಿಲ್ಲ. ಒಳಬದಿಯ ಕೆನ್ನೆ 2ಕ್ಕೆ ಬಿದ್ದಿದೆ. ಮುಖ ಅರ್ಧ ಮಸಿಯಾದದ್ದು ಅದರಿಂದ. ಪಂಚೆ 8ರಲ್ಲಿತ್ತು, ಅಂದರೆ ಮೊದಲ ರೋಲಿನಲ್ಲಿ ಅದು ಸರಿಯಾಗಿಯೇ ಇತ್ತು. 17 ನಿಮಿಷದ ಡೆವಲಪಿಂಗ್ ಅದನ್ನು ಕೈಮೀರಿ ಮೇಲೆ ಒಯ್ದಿತು.

ಈಗ ಕಂಬವನ್ನು 3ನೇ ವಲಯದಲ್ಲಿ ಇಡೋಣ. 9 ಎಂಬುದು 3ನೇ ವಲಯವಾದರೆ 11 ಎಂಬುದು 5ನೇ ವಲಯ, ಅಂದರೆ ಎಫ್/5.6ರಲ್ಲಿ 1/60 ಸೆಕೆಂಡ್. ನೀವು ಕೊಟ್ಟದ್ದಕ್ಕಿಂತ ಎರಡು ಸ್ಟಾಪ್ ಹೆಚ್ಚು. ಇದರ ಮೇಲೆ ಇನ್ನೊಂದು ಸ್ಟಾಪ್ ಸೇರಿಸಬೇಕೆಂಬುದು ನನ್ನ ಸಲಹೆ. ಪೆಟ್ಟಿಗೆಯ ಮೇಲಿನ 400 ಎಂಬುದು ಪ್ರಯೋಗಾಲಯದ ನಿಗದಿತ ಡೆವಲಪಿಂಗ್‌ನಲ್ಲಿ ಬಂದ ಅಂಕಿ. ಸಮಯ ಕಡಿಮೆ ಮಾಡಿದಾಗ ನೆರಳಿನ ಭಾಗವೂ ಅಲ್ಪಸ್ವಲ್ಪ ಸೊರಗುವುದರಿಂದ, ಇಂಥ ದೃಶ್ಯಗಳಿಗೆ ನಾನು ಈ ಫಿಲ್ಮನ್ನು 200 ಎಂದೇ ಎಣಿಸುತ್ತೇನೆ. ಹಾಗಾದರೆ 1/30 ಸೆಕೆಂಡ್ ಆಗುತ್ತದೆ.

ಇಷ್ಟಾದಾಗ ಕಂಬದಿಂದ ಏಳು ಸ್ಟಾಪ್ ಮೇಲಿರುವ ಪಂಚೆ 10ನೇ ವಲಯದಲ್ಲಿ ಬೀಳುತ್ತದೆ, ಅಂದರೆ ಕಾಗದದ ಬರಿ ಬಿಳಿ. ಅದನ್ನು 8ಕ್ಕೆ ಇಳಿಸಬೇಕಾದರೆ ಡೆವಲಪಿಂಗ್ ಸಮಯ ತಗ್ಗಿಸಬೇಕು. ಎರಡು ವಲಯ ಇಳಿಸುವುದನ್ನು ಎನ್ ಮೈನಸ್ 2 ಎನ್ನುತ್ತಾರೆ (ಎನ್ ಎಂದರೆ ನಾರ್ಮಲ್, ಮಾಮೂಲಿ ಡೆವಲಪಿಂಗ್). ನನ್ನ ಟ್ಯಾಂಕ್‌ನಲ್ಲಿ, ನಾನು ಅಲುಗಿಸುವ ರೀತಿಯಲ್ಲಿ, 13 ನಿಮಿಷದ ಬದಲು ಎನ್ ಮೈನಸ್ 1ಕ್ಕೆ 10 ನಿಮಿಷ, ಎನ್ ಮೈನಸ್ 2ಕ್ಕೆ ಸುಮಾರು 8 ನಿಮಿಷ ಬರುತ್ತದೆ. ನಿಮ್ಮಲ್ಲಿ ಇದು ಹೆಚ್ಚು ಕಡಿಮೆ ಆಗಬಹುದು. ಪರೀಕ್ಷೆಯ ರೋಲೊಂದನ್ನು ಇದಕ್ಕೆಂದೇ ಮೀಸಲಿಡಿ.

ಬೂದುಬಣ್ಣ ಬರೆದದ್ದು:

ಕತ್ತಲೆಕೋಣೆ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಕೊನೆಯ ಹೆಜ್ಜೆಯನ್ನು ಒಪ್ಪಲಾರೆ. ಎಕ್ಸ್‌ಪೋಷರ್ ಹೆಚ್ಚಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಎನ್ ಮೈನಸ್ 2 ಮಾತ್ರ ಈ ಚಿತ್ರಕ್ಕೆ ಹಾನಿಕರ ಎಂಬುದು ನನ್ನ ಅಭಿಪ್ರಾಯ.

ಡೆವಲಪಿಂಗ್ ತಗ್ಗಿಸಿದಾಗ ಪಂಚೆಯೊಂದೇ ಕೆಳಗಿಳಿಯುವುದಿಲ್ಲ, ನಡುವಿನ ಛಾಯೆಗಳೆಲ್ಲ ಒತ್ತಿಕೊಳ್ಳುತ್ತವೆ. ಏಳು ಸ್ಟಾಪ್‌ಗಳನ್ನು ಐದು ವಲಯಗಳಲ್ಲಿ ತುಂಬಿದರೆ, ಅಜ್ಜಿಯ ಎರಡು ಕೆನ್ನೆಗಳ ನಡುವಿನ ಎರಡು ಸ್ಟಾಪ್ ಅಂತರ ಒಂದೂವರೆ ವಲಯಕ್ಕಿಂತಲೂ ಕಿರಿದಾಗುತ್ತದೆ. ಮುಖದ ಸುಕ್ಕುಗಳ ನಡುವೆ ಇರುವ ಕಾಲು ಸ್ಟಾಪ್, ಅರ್ಧ ಸ್ಟಾಪ್ ವ್ಯತ್ಯಾಸಗಳು ಕಾಣದಷ್ಟು ಸಪ್ಪೆಯಾಗುತ್ತವೆ. ಎಂಬತ್ತು ವರ್ಷದ ಮುಖದಲ್ಲಿ ಸುಕ್ಕು ಕಾಣದೆ ಹೋದರೆ ಆ ಬೆಳಗಿನ ಬೆಳಕಿನಲ್ಲಿ ಚಿತ್ರ ತೆಗೆದು ಏನು ಪ್ರಯೋಜನ? ಚಿತ್ರದ ಜೀವ ಇರುವುದು ಮುಖದಲ್ಲಿ. ಪಂಚೆಗಾಗಿ ಮುಖವನ್ನು ಬಲಿಕೊಡಬಾರದು.

ಆಡಮ್ಸ್ ಕಾಲದ ಛಾಯಾಗ್ರಾಹಕರು ಒಂದೊಂದೇ ಹಾಳೆಯ ಫಿಲ್ಮ್ ಬಳಸುತ್ತಿದ್ದರು. ಪ್ರತಿ ಹಾಳೆಗೂ ಬೇರೆ ಡೆವಲಪಿಂಗ್ ಕೊಡುವುದು ಅವರಿಗೆ ಸಾಧ್ಯವಿತ್ತು. 36 ಚಿತ್ರಗಳ ರೋಲಿನಲ್ಲಿ ಮೂರು ಚಿತ್ರ ಜಗಲಿಯವು, ಹತ್ತು ತೋಟದವು, ಉಳಿದವು ಮಳೆಮೋಡದ ದಿನದವು ಇದ್ದರೆ ಯಾರಿಗೆಂದು ಡೆವಲಪ್ ಮಾಡುತ್ತೀರಿ? ನಮಗೆ ಅವರಿಗಿಲ್ಲದ ಅನುಕೂಲವೂ ಇದೆ. ಮಲ್ಟಿಗ್ರೇಡ್ ಕಾಗದವನ್ನು ಇಲ್‌ಫೋರ್ಡ್ 1940ರಲ್ಲೇ ತಂದಿತಾದರೂ, ಇಂದಿನ ಕಾಗದದಲ್ಲಿ ಫಿಲ್ಟರ್ ಬದಲಿಸಿ ಮೆದುವಾದ 00 ಗ್ರೇಡಿನಿಂದ ಗಡುಸಾದ 5ರವರೆಗೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ನಡುವಿನ ಅಂತರ) ಹೊಂದಿಸುವುದು ಎಷ್ಟೋ ಸುಲಭ. ಎಚ್‌ಪಿ5 ಪ್ಲಸ್ ತುಂಬ ಸಹನೆಯ ಫಿಲ್ಮ್, 10ನೇ ವಲಯದಲ್ಲಿಯೂ ಅದರ ಸಾಂದ್ರತೆ ಏರುತ್ತಲೇ ಇರುತ್ತದೆ. ಅಂದರೆ ಪಂಚೆಯ ನೆರಿಗೆ ನೆಗೆಟಿವ್‌ನಲ್ಲಿ ಇದ್ದೇ ಇರುತ್ತದೆ. ಮುದ್ರಿಸುವಾಗ ಆ ಭಾಗಕ್ಕೆ ಹೆಚ್ಚುವರಿ ಬೆಳಕು ಕೊಟ್ಟು ಅದನ್ನು ಇಳಿಸಿಕೊಳ್ಳಬಹುದು.

ಒಂದು ಸ್ಟಾಪ್ ಧಾರಾಳವಾಗಿ ಎಕ್ಸ್‌ಪೋಸ್ ಮಾಡಿ, ಸಮಯವನ್ನು ಐದನೆಯ ಒಂದು ಭಾಗದಷ್ಟು ಮಾತ್ರ ತಗ್ಗಿಸಿ, ಉಳಿದದ್ದನ್ನು ಕಾಗದಕ್ಕೆ ಬಿಡಿ. ಇದು ನನ್ನ ಸಲಹೆ.

ಕಡಲತಡಿ ಬರೆದದ್ದು:

ಇಬ್ಬರೂ 20 ಡಿಗ್ರಿಯ ಲೆಕ್ಕ ಹೇಳುತ್ತಿದ್ದೀರಿ. ನಾನಿರುವುದು ಕುಂದಾಪುರದ ಸಮೀಪ. ಮಾರ್ಚ್‌ನಿಂದ ಮೇವರೆಗೆ ನಮ್ಮ ನಲ್ಲಿಯ ನೀರು 29 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಛಾಯೆಗಳ ಮೇಲೆ ಹಿಡಿತ ಬೇಕೆನ್ನುವವರು ನಮ್ಮ ನಾಡಿನಲ್ಲಿ ಮೊದಲು ನೀರಿನ ಉಷ್ಣತೆಯ ಮೇಲೆ ಹಿಡಿತ ಸಾಧಿಸಬೇಕು. ಏಕೆಂದರೆ ಮೂರು ಡಿಗ್ರಿ ಏರುಪೇರಾದರೆ ಒಂದು ವಲಯದಷ್ಟು ಲೆಕ್ಕ ತಪ್ಪುತ್ತದೆ.

ಇಲ್‌ಫೋರ್ಡ್‌ನವರ ಕೋಷ್ಟಕದಂತೆ 20 ಡಿಗ್ರಿಯ 4 ನಿಮಿಷ 23 ಡಿಗ್ರಿಯಲ್ಲಿ 3 ನಿಮಿಷವಾಗುತ್ತದೆ. ಅಂದರೆ ಡಿಗ್ರಿಗೆ ಸುಮಾರು ಶೇಕಡಾ 9ರಷ್ಟು ಇಳಿಕೆ. ಇದೇ ಲೆಕ್ಕ ಹಿಡಿದರೆ ಕತ್ತಲೆಕೋಣೆ ಅವರ 8 ನಿಮಿಷ 27 ಡಿಗ್ರಿಯಲ್ಲಿ 4 ನಿಮಿಷವಷ್ಟೇ ಆಗುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಡೆವಲಪರ್ ಸುರಿಯುವ, ಚೆಲ್ಲುವ ಅವಧಿಯೇ ದೊಡ್ಡ ಪಾಲಾಗಿ, ಚಿತ್ರದಲ್ಲಿ ಪಟ್ಟೆ ಪಟ್ಟೆಯಾಗಿ ಏರಿಳಿತ ಕಾಣಿಸಿಕೊಳ್ಳುತ್ತದೆ. ಆಕಾಶವಿರುವ ಚಿತ್ರದಲ್ಲಿ ಅದನ್ನು ಮುಚ್ಚಿಡುವುದು ಸಾಧ್ಯವೇ ಇಲ್ಲ. ನನ್ನದೇ ಒಂದು ರೋಲು ಹೀಗೆ ಹಾಳಾಗಿದೆ: ಮಲ್ಪೆಯ ದಕ್ಕೆಯಲ್ಲಿ ತೆಗೆದ ದೋಣಿಗಳ ಚಿತ್ರ, ಮೇಲಿನ ಆಕಾಶದಲ್ಲಿ ಫಿಲ್ಮ್ ಅಂಚಿನ ರಂಧ್ರದ ಸಾಲಿನಿಂದ ಇಳಿದ ಗೆರೆಗಳು.

ಆ ಬಳಿಕ ನಾನು ಎರಡು ಉಪಾಯ ಮಾಡಿಕೊಂಡಿದ್ದೇನೆ. ಡೆವಲಪರನ್ನು 1+3ರಷ್ಟು ತೆಳುವಾಗಿಸುತ್ತೇನೆ. ಅದಕ್ಕೆ 20 ಡಿಗ್ರಿಯಲ್ಲಿ 20 ನಿಮಿಷದ ಅವಧಿ ಇರುವುದರಿಂದ, 27 ಡಿಗ್ರಿಯಲ್ಲಿಯೂ 10 ನಿಮಿಷ ಉಳಿಯುತ್ತದೆ, ತಗ್ಗಿಸಿದರೂ 6ಕ್ಕಿಂತ ಕೆಳಗೆ ಹೋಗುವುದಿಲ್ಲ. ತೆಳು ದ್ರಾವಣದಲ್ಲಿ ಮೂಲ ಡೆವಲಪರ್ ಸಾಲದೆ ಹೋಗಬಾರದೆಂದು ಎರಡು ರೋಲಿನ ಟ್ಯಾಂಕ್‌ನಲ್ಲಿ ಒಂದೇ ರೋಲು ಹಾಕುತ್ತೇನೆ. ಎರಡನೆಯದು, ಹಿಂದಿನ ರಾತ್ರಿಯೇ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಡುತ್ತೇನೆ. ಬೆಳಗಿನ ಹೊತ್ತಿಗೆ ಅದು ನಲ್ಲಿಯ ನೀರಿಗಿಂತ ಕೆಲವು ಡಿಗ್ರಿ ತಣ್ಣಗಿರುತ್ತದೆ. ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಮತ್ತು ತೊಳೆಯುವ ನೀರನ್ನೂ ಅದೇ ಉಷ್ಣತೆಗೆ ತರುವುದನ್ನು ಮರೆಯಬಾರದು. ಐಸ್ ಹಾಕಿ ಡೆವಲಪರ್ ಒಂದನ್ನೇ 20ಕ್ಕೆ ಇಳಿಸಿ, ಆಮೇಲೆ 30 ಡಿಗ್ರಿಯ ನೀರಿನಲ್ಲಿ ತೊಳೆದರೆ ಜೆಲಟಿನ್ ಪದರ ಸುಕ್ಕುಗಟ್ಟುವ ಅಪಾಯವಿದೆ.

ಹಳೆಯ ಸ್ಟುಡಿಯೋ ಬರೆದದ್ದು:

ಮಕ್ಕಳೇ, ಚರ್ಚೆಯನ್ನು ಸಂತೋಷದಿಂದ ಓದುತ್ತಿದ್ದೇನೆ. ನಾನು 1970ರ ದಶಕದಲ್ಲಿ ಸ್ಟುಡಿಯೋ ಒಂದರ ಕತ್ತಲೆ ಕೋಣೆಯಲ್ಲಿ ಕೆಲಸ ಕಲಿತವನು. ಆಗ ನಮ್ಮ ಕೈಗೆ ಬರುತ್ತಿದ್ದುದು ಉದಕಮಂಡಲದ ಕಾರ್ಖಾನೆಯ ‘ಇಂದು’ ಕಾಗದ. ಕಾಂಟ್ರಾಸ್ಟ್ ಬದಲಿಸಬೇಕಾದರೆ ಬೇರೆ ಗ್ರೇಡಿನ ಪೊಟ್ಟಣವನ್ನೇ ಒಡೆಯಬೇಕಿತ್ತು, ಅದು ಎಲ್ಲ ಹೊತ್ತಿನಲ್ಲೂ ಇರುತ್ತಿರಲಿಲ್ಲ. ಹಾಗಾಗಿ ನೆಗೆಟಿವ್ ಕಾಗದಕ್ಕೆ ಹೊಂದುವಂತೆ ಬರಲೇಬೇಕಿತ್ತು. ಧಾರೆಯ ಹೊತ್ತಿನಲ್ಲಿ ಮದುಮಗನ ಬಿಳಿ ಪಂಚೆ, ಪಕ್ಕದಲ್ಲಿ ಮದುಮಗಳ ಕಡುಬಣ್ಣದ ರೇಷ್ಮೆ ಸೀರೆ, ಇವೆರಡನ್ನೂ ಉಳಿಸದ ಛಾಯಾಗ್ರಾಹಕನನ್ನು ಮತ್ತೊಂದು ಮದುವೆಗೆ ಯಾರೂ ಕರೆಯುತ್ತಿರಲಿಲ್ಲ.

ನೀವೆಲ್ಲ ಸಮಯ ಮತ್ತು ಉಷ್ಣತೆಯ ಮಾತನಾಡಿದಿರಿ, ಅಲುಗಿಸುವುದರ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ದಟ್ಟ ಭಾಗಕ್ಕೆ ತಾಗಿರುವ ಡೆವಲಪರ್ ಬೇಗ ಸೋಲುತ್ತದೆ. ಟ್ಯಾಂಕನ್ನು ಅಲುಗಿಸಿದಾಗಲೇ ಅಲ್ಲಿಗೆ ಹೊಸ ದ್ರಾವಣ ಬರುವುದು. ನೆರಳಿನ ಭಾಗದಲ್ಲಿ ಕೆಲಸ ಕಡಿಮೆಯಿರುವುದರಿಂದ ಡೆವಲಪರ್ ಸೋಲದೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಆದ್ದರಿಂದ ನಿಮಿಷಕ್ಕೊಮ್ಮೆ ಅಲುಗಿಸುವ ಬದಲು, ತೆಳು ಡೆವಲಪರ್‌ನಲ್ಲಿ ಎರಡು ನಿಮಿಷಕ್ಕೊಮ್ಮೆ ಮೆಲ್ಲಗೆ ಎರಡು ಸಲ ತಿರುಗಿಸಿದರೆ, ನೆರಳಿಗೆ ಪೂರ್ತಿ ಅವಧಿ ಸಿಕ್ಕು ಪಂಚೆ ತಾನಾಗಿ ಹಿಂದೆ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಹೊತ್ತು ಅಲುಗಿಸದೆ ಇಡಬೇಡಿ, ಕಡಲತಡಿಯವರು ಹೇಳಿದಂಥ ಗೆರೆಗಳು ಬರುತ್ತವೆ.

ಇನ್ನೊಂದು ದಾರಿ ಮನೆಯಲ್ಲೇ ಕಲಸಿಕೊಳ್ಳುವ ಡಿ-23 ಎಂಬ ಡೆವಲಪರ್. ಒಂದು ಲೀಟರ್ ನೀರಿಗೆ ಮೆಟಾಲ್ ಏಳೂವರೆ ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಮತ್ತೇನೂ ಇಲ್ಲ. ಮೊದಲು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್. ಈ ಕ್ರಮ ತಪ್ಪಿಸಿದರೆ ಮೆಟಾಲ್ ಕರಗುವುದೇ ಇಲ್ಲ. ಇದರಲ್ಲಿ ಕೆಲವು ನಿಮಿಷ ಇಟ್ಟು, ಬಳಿಕ ಲೀಟರ್‌ಗೆ 10 ಗ್ರಾಂ ಬೋರಾಕ್ಸ್ ಕರಗಿಸಿದ ಎರಡನೆಯ ದ್ರಾವಣದಲ್ಲಿ ಮುಳುಗಿಸುತ್ತಿದ್ದೆವು. ಬೋರಾಕ್ಸ್ ಎಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ. ಎರಡನೆಯ ದ್ರಾವಣದಲ್ಲಿ ಜೆಲಟಿನ್ ಹೀರಿಕೊಂಡಷ್ಟು ಡೆವಲಪರ್ ಮಾತ್ರ ಕೆಲಸ ಮಾಡುತ್ತದೆ: ಬೆಳಕಿನ ಭಾಗದಲ್ಲಿ ಕೂಡಲೇ ಮುಗಿದುಹೋಗುತ್ತದೆ, ನೆರಳಿನಲ್ಲಿ ಮುಂದುವರಿಯುತ್ತದೆ. ಮೆಟಾಲ್ ತಾಗಿದರೆ ಕೆಲವರ ಕೈ ತುರಿಸಿ ಬೊಕ್ಕೆಯೇಳುತ್ತದೆ, ಕೈಗವಸು ಹಾಕಿಕೊಳ್ಳಿ.

ಆಡಮ್ಸ್ ಹೆಸರು ಬಂದದ್ದರಿಂದ ಅವರ ಹೆಸರಾಂತ ಚಿತ್ರದ ಲೆಕ್ಕವನ್ನೂ ಹೇಳುತ್ತೇನೆ, ಎಷ್ಟು ಸಲ ಮಾಡಿದರೂ ನನಗೆ ಬೇಸರವಾಗದ ಲೆಕ್ಕ ಅದು. 1941ರ ಶರತ್ಕಾಲದ ಒಂದು ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದ. ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು ಜಾರುತ್ತಿತ್ತು. ಅವಸರದಲ್ಲಿ ಅವರಿಗೆ ಮೀಟರ್ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರ ನೆನಪಿನಲ್ಲಿತ್ತು. ಫಿಲ್ಮ್‌ನ ವೇಗ 64. ಅದರ ವರ್ಗಮೂಲ 8, ಅದೇ ಎಫ್ ಸಂಖ್ಯೆ; ಹೊಳಪಿನ 250 ಶಟರ್‌ನ ಅಂಕಿ. ಹಾಗಾಗಿ ಎಫ್/8ರಲ್ಲಿ 1/250 ಕೊಟ್ಟರೆ ಚಂದ್ರ 5ನೇ ವಲಯದಲ್ಲಿ ನಿಲ್ಲುತ್ತಾನೆ. ಅವನನ್ನು 7ರಲ್ಲಿ ಇಡಲು ಎರಡು ಸ್ಟಾಪ್ ಹೆಚ್ಚಿಸಿ 1/60. ಹಳದಿ ಫಿಲ್ಟರ್ ಮೂರು ಪಟ್ಟು ಬೆಳಕು ಬೇಡುತ್ತಿತ್ತು, 1/20 ಆಯಿತು. ಅಪರ್ಚರನ್ನು ಎಫ್/32ಕ್ಕೆ ಇಳಿಸಿದ್ದರಿಂದ ನಾಲ್ಕು ಸ್ಟಾಪ್ ಸೇರಿ ಸುಮಾರು ಒಂದು ಸೆಕೆಂಡ್. ಎರಡನೆಯ ಹಾಳೆಗೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಗಿತ್ತು. ನೆರಳು ಎಷ್ಟಿದೆ ಎಂಬ ಅಳತೆ ಇಲ್ಲದೆ ಬೆಳಕಿನ ತುದಿಯಿಂದ ಲೆಕ್ಕ ಹಾಕಿದ್ದರಿಂದ ನೆಗೆಟಿವ್‌ನ ಮುಂಭಾಗ ತೆಳುವಾಯಿತು. ಅವರು ಅದನ್ನು ಡೆವಲಪರ್ ಮತ್ತು ಬರಿನೀರಿನಲ್ಲಿ ಸರದಿಯಂತೆ ಅದ್ದಿ ಡೆವಲಪ್ ಮಾಡಿದರು, ಬಹಳ ಕಾಲದ ನಂತರ ಮುಂಭಾಗವನ್ನು ರಾಸಾಯನಿಕವಾಗಿ ಗಟ್ಟಿ ಮಾಡಿಕೊಂಡರು. ಪದ್ಧತಿಯನ್ನು ಕಟ್ಟಿದವರಿಗೇ ನೆರಳು ತೆಳುವಾದರೆ ಎಷ್ಟು ಕಷ್ಟ ಎಂಬುದನ್ನು ಆ ನೆಗೆಟಿವ್ ತೋರಿಸುತ್ತದೆ.

ಕತ್ತಲೆಕೋಣೆ ಬರೆದದ್ದು:

ಹಿರಿಯರೇ, ತಾವು ಬರೆದದ್ದನ್ನು ಎರಡು ಸಲ ಓದಿದೆ, ತಮಗೆ ವಂದನೆಗಳು.

ಬೂದುಬಣ್ಣ ಅವರ ಆಕ್ಷೇಪದ ಬಗ್ಗೆ ಯೋಚಿಸಿದೆ. ನನ್ನ ಹಳೆಯ ಎನ್ ಮೈನಸ್ 2 ನೆಗೆಟಿವ್‌ಗಳನ್ನು ತೆಗೆದು ನೋಡಿದಾಗ ಅವರ ಮಾತು ನಿಜವೆನಿಸಿತು. ಗುಡಿಯ ಒಳಾಂಗಣ, ಕಲ್ಲು, ಮರ ಇರುವಲ್ಲಿ ಅದು ಚೆನ್ನಾಗಿಯೇ ಬಂದಿದೆ. ಮುಖವಿರುವ ಚಿತ್ರಗಳು ಮಾತ್ರ ಮಬ್ಬು ಮಬ್ಬಾಗಿವೆ. ಆದ್ದರಿಂದ ಈ ಚಿತ್ರಕ್ಕೆ ಎನ್ ಮೈನಸ್ 1, ಅಂದರೆ 10 ನಿಮಿಷ ಸಾಕು. ಪಂಚೆ ಸುಮಾರು 9ರಲ್ಲಿ ನಿಲ್ಲುತ್ತದೆ. ಉಳಿದದ್ದನ್ನು ಮೆದು ಗ್ರೇಡಿನ ಕಾಗದ ಮತ್ತು ಕೈಚಳಕದಿಂದ ಇಳಿಸಬಹುದು. ಆದರೆ ಡೆವಲಪಿಂಗ್ ತಗ್ಗಿಸದೆ ಎಲ್ಲವನ್ನೂ ಕಾಗದಕ್ಕೇ ಬಿಡುವುದನ್ನು ನಾನು ಒಪ್ಪುವುದಿಲ್ಲ. ಗ್ರೇಡ್ 0 ಕಾಗದದಲ್ಲಿ ಕಪ್ಪು ಕಪ್ಪಾಗಿ ಉಳಿಯದೆ, ಕಂಬಕ್ಕೆ ಇರಬೇಕಾದ ಭಾರವೇ ಹೋಗುತ್ತದೆ.

ರೋಲಿನ ಸಮಸ್ಯೆಗೆ ನಾನು ಕಂಡುಕೊಂಡ ದಾರಿ, 100 ಅಡಿಯ ಡಬ್ಬಿಯಿಂದ 12 ಚಿತ್ರಗಳ ಚಿಕ್ಕ ರೋಲು ಸುತ್ತಿಕೊಳ್ಳುವುದು. ಒಂದು ರೋಲು, ಒಂದೇ ಬಗೆಯ ಬೆಳಕು.

ಮುಖದ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಪಾಶ್ಚಾತ್ಯ ಕೈಪಿಡಿಗಳು ಚರ್ಮವನ್ನು 6ನೇ ವಲಯದಲ್ಲಿ ಇಡಿ ಎನ್ನುತ್ತವೆ, ಅದು ಬಿಳಿಯರ ಚರ್ಮದ ಮಾತು. ನಮ್ಮ ಕಡೆಯ ಹೆಚ್ಚಿನವರ ಮುಖ 5ರಲ್ಲಿ, ಕೆಲವೊಮ್ಮೆ ಅದಕ್ಕಿಂತಲೂ ಅರ್ಧ ವಲಯ ಕೆಳಗೆ ಇದ್ದರೇನೇ ಆ ಮನುಷ್ಯರಂತೆ ಕಾಣುತ್ತದೆ. ನಾನು ಮೊದಲ ಕೆಲವು ವರ್ಷ ಕೈಪಿಡಿಯನ್ನು ನಂಬಿ ನಮ್ಮ ಮನೆಯವರೆಲ್ಲರ ಮುಖಕ್ಕೆ ಸುಣ್ಣ ಬಳಿದಂತೆ ಮುದ್ರಿಸಿದ್ದೇನೆ. ಅಜ್ಜಿಯ ಎರಡು ಕೆನ್ನೆಗಳು ಈ ಎಕ್ಸ್‌ಪೋಷರ್‌ನಲ್ಲಿ 4 ಮತ್ತು 6ರಲ್ಲಿ ಬೀಳುತ್ತವೆ. ನಡುವೆ 5. ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ನವರಂಗ ಬರೆದದ್ದು:

ಸಣ್ಣ ಸೇರ್ಪಡೆ. ಸೆಕೆಂಡ್‌ಗಟ್ಟಲೆ ತೆರೆದಿಡಬೇಕಾದ ಕತ್ತಲಿನ ಒಳಾಂಗಣಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತಿದ್ದುಪಡಿ ಬೇಕು. ಮಂದ ಬೆಳಕಿನಲ್ಲಿ ಫಿಲ್ಮ್‌ನ ಸಂವೇದನೆ ಕುಗ್ಗುತ್ತದೆ. ಎಚ್‌ಪಿ5 ಪ್ಲಸ್‌ಗೆ ಮೀಟರ್ 10 ಸೆಕೆಂಡ್ ಎಂದರೆ ವಾಸ್ತವದಲ್ಲಿ ಸುಮಾರು 20 ಸೆಕೆಂಡ್ ಕೊಡಬೇಕು. ಈ ಕುಗ್ಗುವಿಕೆ ನೆರಳಿಗೆ ಹೆಚ್ಚು, ಬೆಳಕಿಗೆ ಕಡಿಮೆ. ಆದ್ದರಿಂದ ಹೆಚ್ಚುವರಿ ಸಮಯ ಕೊಟ್ಟಾಗ ಕಾಂಟ್ರಾಸ್ಟ್ ತಾನಾಗಿ ಏರುತ್ತದೆ, ಡೆವಲಪಿಂಗ್‌ನಲ್ಲಿ ಅದಕ್ಕೂ ತಗ್ಗಿಸಿಕೊಳ್ಳಬೇಕು.

ಒಂದು ಪ್ರಶ್ನೆಯೂ ಇದೆ. ನಾನು ಮುದ್ರಿಸುವುದಿಲ್ಲ, ಸ್ಕ್ಯಾನ್ ಮಾತ್ರ ಮಾಡುತ್ತೇನೆ. ನನಗೂ ಇದೇ ನಿಯಮವೇ?

ಬೂದುಬಣ್ಣ ಬರೆದದ್ದು:

ನವರಂಗ ಅವರೇ, ನೆರಳಿನ ಮಟ್ಟಿಗೆ ಇದೇ ನಿಯಮ. ಫಿಲ್ಮ್‌ನಲ್ಲಿ ಇಲ್ಲದ ಕಂಬವನ್ನು ಸ್ಕ್ಯಾನರ್ ಕಾಣಲಾರದು. ಬೆಳಕಿನ ಭಾಗದಲ್ಲಿ ತುಸು ತೆಳುವಾದ ನೆಗೆಟಿವ್ ಸ್ಕ್ಯಾನರ್‌ಗೆ ಅನುಕೂಲ, ಏಕೆಂದರೆ ಅತಿ ದಟ್ಟ ಭಾಗವನ್ನು ಭೇದಿಸುವಾಗ ಬೇಡದ ಚುಕ್ಕೆಗಳು (ನಾಯ್ಸ್) ಹೆಚ್ಚುತ್ತವೆ. ಕಾಂಟ್ರಾಸ್ಟನ್ನು ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿಕೊಳ್ಳಬಹುದಾದ್ದರಿಂದ ನಿಮ್ಮ ಮಟ್ಟಿಗೆ ಎನ್ ಮೈನಸ್ 1 ದಿನನಿತ್ಯದ ಡೆವಲಪಿಂಗ್ ಆದರೂ ತಪ್ಪಿಲ್ಲ.

ಅಡಿಕೆತೋಟ ಬರೆದದ್ದು:

ಎಲ್ಲರ ಸಲಹೆಯಂತೆ ಮೂರನೆಯ ರೋಲು ಮುಗಿಸಿದ್ದೇನೆ. ಚಿಕ್ಕ ರೋಲು ಸುತ್ತುವ ಸಾಧನ ನನ್ನಲ್ಲಿಲ್ಲದ ಕಾರಣ ಇಡೀ ರೋಲನ್ನು ಎರಡು ಬೆಳಗುಗಳಲ್ಲಿ ಅದೇ ಜಗಲಿಗೆ ಬಳಸಿದೆ.

ಎಫ್/5.6ರಲ್ಲಿ 1/30 ಕೊಟ್ಟೆ. ಇಷ್ಟು ನಿಧಾನದ ಶಟರ್‌ನಲ್ಲಿ ಅಡಿಕೆ ಸುಲಿಯುವ ಕೈ ಹೆಚ್ಚಿನ ಚಿತ್ರಗಳಲ್ಲಿ ಕದಲಿದೆ. ಮುಖ ಕದಲಿಲ್ಲ, ಮೆಟ್ಟುಗತ್ತಿಯ ಅಲಗೂ ಸ್ಪಷ್ಟವಾಗಿದೆ. ಅಜ್ಜಿ ಒಂದು ಅಡಿಕೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚುವ ಮೊದಲು ಅರೆಗಳಿಗೆ ನಿಲ್ಲುತ್ತಾರೆ ಎಂಬುದು ಎರಡನೆಯ ಬೆಳಗ್ಗೆ ಗೊತ್ತಾಯಿತು, ಆಮೇಲಿನ ಚಿತ್ರಗಳಲ್ಲಿ ಕೈಯೂ ಸರಿಯಾಗಿ ಬಂದಿದೆ. ನೀರು 24 ಡಿಗ್ರಿ ಇದ್ದುದರಿಂದ, ಕಡಲತಡಿ ಅವರ ಲೆಕ್ಕದಂತೆ 10 ನಿಮಿಷವನ್ನು 7ಕ್ಕೆ ಇಳಿಸಿದೆ. ತೊಳೆಯುವ ನೀರನ್ನೂ ಹಂಡೆಯಲ್ಲಿ ತುಂಬಿಟ್ಟು ಅದೇ ಉಷ್ಣತೆಯಲ್ಲಿ ಬಳಸಿದೆ.

ರೀಲಿನಿಂದ ಬಿಚ್ಚಿ ಒದ್ದೆ ಫಿಲ್ಮನ್ನು ಬಲ್ಬಿಗೆ ಹಿಡಿದಾಗ ಮೊದಲು ನೋಡಿದ್ದು ಕಂಬದ ಜಾಗವನ್ನು. ಅಲ್ಲಿ ಹೊಗೆಯಷ್ಟು ತೆಳುವಾದ ಬೂದು ಇತ್ತು; ಭೂತಗನ್ನಡಿ ಇಟ್ಟು ನೋಡಿದರೆ ಅದರೊಳಗೆ ಕೆತ್ತನೆಯ ಬಳ್ಳಿ, ಅದರ ಮೇಲಿನ ಗಿಳಿಯ ಕೊಕ್ಕು ಕೂಡ ಕಾಣುತ್ತಿತ್ತು. ಹಿಂದಿನ ಎರಡು ರೋಲುಗಳಲ್ಲಿ ಆ ಕಂಬದ ಮೇಲೆ ಗಿಳಿಯಿದೆ ಎಂಬುದೇ ತಿಳಿಯುವಂತಿರಲಿಲ್ಲ. ಪಂಚೆ ದಟ್ಟವಾಗಿದೆಯಾದರೂ ಅದರ ಹಿಂದೆ ಬಲ್ಬಿನ ತಂತಿ ಕಾಣುವಷ್ಟಿದೆ.

ರಾತ್ರಿ ಬಚ್ಚಲಿನ ಪಕ್ಕದ ಕೋಣೆಯಲ್ಲಿ ಮುದ್ರಿಸಿದೆ. ಗ್ರೇಡ್ 2ರಲ್ಲಿ ಮುಖ ಚೆನ್ನಾಗಿತ್ತು, ಪಂಚೆ ಬರಿ ಬಿಳಿಯಾಗಿತ್ತು. ಗ್ರೇಡ್ 1½ಕ್ಕೆ ಇಳಿಸಿ, ಇಡೀ ಚಿತ್ರಕ್ಕೆ 14 ಸೆಕೆಂಡ್ ಕೊಟ್ಟು, ರಟ್ಟಿನಲ್ಲಿ ರಂಧ್ರ ಮಾಡಿ ಪಂಚೆಗೆ ಮಾತ್ರ ಇನ್ನೂ 9 ಸೆಕೆಂಡ್ ಕೊಟ್ಟ ಮೇಲೆ ನೆರಿಗೆಗಳು, ಅಂಚಿನ ಗೆರೆ ಎರಡೂ ಬಂದವು. ಸುಕ್ಕುಗಳು ಸಪ್ಪೆಯಾಗಿಲ್ಲ. ಬೂದುಬಣ್ಣ ಅವರು ಎನ್ ಮೈನಸ್ 2ನ್ನು ತಡೆದದ್ದು ಒಳ್ಳೆಯದೇ ಆಯಿತು.

ಈಗ ಉಳಿದಿರುವ ಪ್ರಶ್ನೆ 200 ಎಂಬ ಅಂಕಿಯದು. ಅದು ಕತ್ತಲೆಕೋಣೆ ಅವರ ಅಂಕಿ, ನನ್ನ ಶಟರ್, ನನ್ನ ಮೀಟರ್, ನನ್ನ ಟ್ಯಾಂಕಿಗೂ ಅದೇ ಇರಬೇಕೆಂದಿಲ್ಲ. ಅದನ್ನು ಪರೀಕ್ಷಿಸುವ ಬಗೆ ಹೇಗೆ?

ಕತ್ತಲೆಕೋಣೆ ಬರೆದದ್ದು:

ಓದಿ ಬಹಳ ಸಂತೋಷವಾಯಿತು. ಪರೀಕ್ಷೆ ಹೀಗೆ ಮಾಡಿ. ನೆರಳಿನಲ್ಲಿರುವ, ಒಂದೇ ಸಮನಾದ ಗೋಡೆಯೊಂದನ್ನು ಆರಿಸಿ, ಅನಂತ ದೂರಕ್ಕೆ ಫೋಕಸ್ ಇಟ್ಟು, ಮೀಟರ್ ಹೇಳಿದ್ದಕ್ಕಿಂತ ನಾಲ್ಕು ಸ್ಟಾಪ್ ಕಡಿಮೆ ಎಕ್ಸ್‌ಪೋಷರ್ ಕೊಡಿ. ಅದು 1ನೇ ವಲಯ. ಮೀಟರನ್ನು ಕ್ರಮವಾಗಿ 400, 320, 250, 200, 160, 125ಕ್ಕೆ ಇಟ್ಟು ಹೀಗೆ ಆರು ಚಿತ್ರ ತೆಗೆಯಿರಿ. ನಡುವೆ ಒಂದು ಚೌಕಟ್ಟನ್ನು ಲೆನ್ಸ್ ಮುಚ್ಚಿ ಖಾಲಿ ಬಿಡಿ. ಎಂದಿನಂತೆ ಡೆವಲಪ್ ಮಾಡಿ.

ಎನ್‌ಲಾರ್ಜರ್‌ನಲ್ಲಿ (ನೆಗೆಟಿವನ್ನು ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ) ಆ ಖಾಲಿ ಚೌಕಟ್ಟನ್ನು ಇಟ್ಟು, ಗ್ರೇಡ್ 2ರ ಕಾಗದದಲ್ಲಿ ಎರಡೆರಡು ಸೆಕೆಂಡಿನ ಪಟ್ಟಿಗಳನ್ನು ಮುದ್ರಿಸಿ. ಯಾವ ಪಟ್ಟಿಯಿಂದ ಮುಂದೆ ಕಪ್ಪು ಇನ್ನಷ್ಟು ಕಪ್ಪಾಗುವುದಿಲ್ಲವೋ ಅದು ನಿಮ್ಮ ಮುದ್ರಣದ ಸಮಯ. ಅದೇ ಎತ್ತರ, ಅದೇ ಅಪರ್ಚರ್, ಅದೇ ಸಮಯದಲ್ಲಿ ಆರೂ ಚೌಕಟ್ಟುಗಳನ್ನು ಮುದ್ರಿಸಿ, ಕಾಗದ ಪೂರ್ತಿ ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ನೋಡಿ. ಅಚ್ಚ ಕಪ್ಪಿನಿಂದ ಬೇರೆಯಾಗಿ ಕಾಣುವ ಮೊದಲ ಚೌಕಟ್ಟು ಯಾವುದೋ ಅದರ ಅಂಕಿಯೇ ನಿಮ್ಮದು. ಒದ್ದೆ ಕಾಗದವನ್ನು ನೋಡಿ ನಿರ್ಧರಿಸಬೇಡಿ, ಒಣಗಿದಾಗ ಛಾಯೆ ತುಸು ಗಾಢವಾಗುತ್ತದೆ.

ಅದೇ ಮುದ್ರಣ ಸಮಯದಲ್ಲಿ 8ನೇ ವಲಯದ ಒಂದು ಚೌಕಟ್ಟನ್ನೂ ಮುದ್ರಿಸಿ ನೋಡಿ, ಅಂದರೆ ನಿಮಗೆ ಬಂದ ಅಂಕಿಗೆ ಮೀಟರ್ ಇಟ್ಟು, ಅದು ಹೇಳಿದ್ದಕ್ಕಿಂತ ಮೂರು ಸ್ಟಾಪ್ ಹೆಚ್ಚು ಕೊಟ್ಟದ್ದು. ಅದು ಬರಿ ಕಾಗದದ ಬಿಳಿಯೇ ಆಗಿದ್ದರೆ ನಿಮ್ಮ ಡೆವಲಪಿಂಗ್ ಸಮಯ ಹೆಚ್ಚಾಯಿತು, ಬೂದಾಗಿದ್ದರೆ ಕಡಿಮೆಯಾಯಿತು, ಕಾಗದದ ಅಂಚಿನ ಬಿಳಿಯ ಪಕ್ಕದಲ್ಲಿ ಹಿಡಿದಾಗ ಮಾತ್ರ ತಿಳಿಯುವಷ್ಟು ಛಾಯೆ ಇದ್ದರೆ ಅದು ನಿಮ್ಮ ಟ್ಯಾಂಕಿನ ಸರಿಯಾದ ಸಮಯ. ಮುಂದಿನ ಸಲ ಅಜ್ಜಿಯ ಮನೆಗೆ ಹೋಗುವ ಮೊದಲೇ ಇದನ್ನು ಮುಗಿಸಿಕೊಳ್ಳಿ.